ಮಾಜಿ ಸೈನಿಕರ ಮಾನಸಿಕ ಆಘಾತ ಮತ್ತು ಸೈಕೆಡೆಲಿಕ್ ನೆರವಿನ ಚಿಕಿತ್ಸೆ

ಸೈಕೆಡೆಲಿಕ್ ನೆರವಿನ ಚಿಕಿತ್ಸೆಯು ಗ್ರಹಿಕೆ, ಭಾವನೆ ಮತ್ತು ಆಲೋಚನೆಗಳನ್ನು ಕೆಲವು ಗಂಟೆಗಳ ಕಾಲ ಗಾಢವಾಗಿ ಬದಲಿಸುವ ವಸ್ತುವೊಂದನ್ನು ತರಬೇತಿ ಪಡೆದ ಚಿಕಿತ್ಸಕರ ಸಮ್ಮುಖದಲ್ಲಿ ನೀಡಿ, ಅದರ ಹಿಂದೆ ಮತ್ತು ಮುಂದೆ ಮಾತಿನ ಚಿಕಿತ್ಸೆಯನ್ನು ನಡೆಸುವ ವಿಧಾನವಾಗಿದೆ. ಯುದ್ಧದ ಅನುಭವದಿಂದ ಮಾನಸಿಕ ಆಘಾತಕ್ಕೆ ಒಳಗಾದ ಮಾಜಿ ಸೈನಿಕರಲ್ಲಿ ಈ ವಿಧಾನದ ಪರಿಣಾಮವನ್ನು 2000ದ ದಶಕದಿಂದೀಚೆಗೆ ಮುಖ್ಯವಾಗಿ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಅಧ್ಯಯನ ಮಾಡಲಾಗುತ್ತಿದೆ. ಕೆಲವು ಅಧ್ಯಯನಗಳು ಆಶಾದಾಯಕ ಫಲಿತಾಂಶ ನೀಡಿವೆ. ಆದರೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2024ರಲ್ಲಿ ಎಂಡಿಎಂಎ ಆಧಾರಿತ ಚಿಕಿತ್ಸೆಗೆ ಅನುಮೋದನೆ ನೀಡಲು ನಿರಾಕರಿಸಿತು.

ಭಾರತದಲ್ಲಿ ಎಲ್‌ಎಸ್‌ಡಿ, ಸೈಲೋಸೈಬಿನ್ ಮತ್ತು ಎಂಡಿಎಂಎಗಳು ಮಾದಕ ದ್ರವ್ಯ ಕಾಯಿದೆಯ ನಿಯಂತ್ರಣಕ್ಕೆ ಒಳಪಟ್ಟಿದ್ದು, ಅನುಮೋದಿತ ಚಿಕಿತ್ಸೆಯಾಗಿ ಲಭ್ಯವಿಲ್ಲ. ಕರ್ನಾಟಕದ ಮಟ್ಟಿಗೆ ಈ ವಿಷಯವು ಉತ್ತರ ಕನ್ನಡ ಜಿಲ್ಲೆಯೊಂದಿಗೆ ಎರಡು ಬಗೆಯ ನಂಟನ್ನು ಹೊಂದಿದೆ. ಮುಂಡಗೋಡದ ಟಿಬೆಟನ್ ವಿಹಾರವೊಂದರಲ್ಲಿ ಉನ್ನತ ಪದವಿ ಪಡೆದ ವಿದ್ವಾಂಸರೊಬ್ಬರು ರೂಪಿಸಿದ ಕರುಣಾ ಧ್ಯಾನದ ಕ್ರಮವನ್ನು ಅಮೆರಿಕದ ಮಾಜಿ ಸೈನಿಕರ ಆಘಾತ ಚಿಕಿತ್ಸೆಯಲ್ಲಿ ಪರೀಕ್ಷಿಸಲಾಗಿದೆ. ಇದೇ ಜಿಲ್ಲೆಯ ಗೋಕರ್ಣವು ಕಡ್ಡಾಯ ಸೇನಾ ಸೇವೆ ಮುಗಿಸಿ ಬರುವ ಇಸ್ರೇಲಿ ಯುವಜನರ ಪ್ರವಾಸದ ದಾರಿಯಲ್ಲಿದ್ದು, ಈ ಪ್ರವಾಸದ ಒಂದು ಭಾಗದಲ್ಲಿ ವೈದ್ಯರ ನೆರವಿಲ್ಲದ ಮಾದಕ ವಸ್ತು ಸೇವನೆಯ ಪರಿಣಾಮಗಳೂ ಕಂಡುಬಂದಿವೆ.

## ಯುದ್ಧಾಘಾತದ ಸ್ವರೂಪ

ಜೀವಕ್ಕೆ ಅಪಾಯ ಒಡ್ಡಿದ ಘಟನೆಯೊಂದು ಮುಗಿದ ನಂತರವೂ ಅದು ಇನ್ನೂ ನಡೆಯುತ್ತಿದೆ ಎಂಬಂತೆ ದೇಹ ಮತ್ತು ಮನಸ್ಸು ಪ್ರತಿಕ್ರಿಯಿಸುತ್ತಲೇ ಇರುವ ಸ್ಥಿತಿಯನ್ನು ಆಘಾತೋತ್ತರ ಒತ್ತಡದ ಕಾಯಿಲೆ ಅಥವಾ ಪಿಟಿಎಸ್‌ಡಿ ಎಂದು ಕರೆಯಲಾಗುತ್ತದೆ. ಇದರ ಲಕ್ಷಣಗಳನ್ನು ನಾಲ್ಕು ಗುಂಪುಗಳಾಗಿ ವಿಂಗಡಿಸಲಾಗಿದೆ.

* ಬೇಡವೆಂದರೂ ಮರುಕಳಿಸುವ ನೆನಪು ಮತ್ತು ದುಃಸ್ವಪ್ನಗಳು
* ಘಟನೆಯನ್ನು ನೆನಪಿಸುವ ಜನ, ಜಾಗ ಮತ್ತು ಮಾತುಗಳಿಂದ ದೂರ ಉಳಿಯುವುದು
* ತನ್ನ ಬಗ್ಗೆ ಮತ್ತು ಲೋಕದ ಬಗ್ಗೆ ನಿರಾಶೆ, ಅಪರಾಧ ಪ್ರಜ್ಞೆ, ಪ್ರೀತಿಪಾತ್ರರ ಬಗೆಗೂ ಭಾವಶೂನ್ಯತೆ
* ಸದಾ ಎಚ್ಚರದ ಸ್ಥಿತಿ, ನಿದ್ರಾಹೀನತೆ, ಸಣ್ಣ ಸದ್ದಿಗೂ ಬೆಚ್ಚಿಬೀಳುವುದು, ಸಿಟ್ಟು

ಇಂತಹ ಲಕ್ಷಣಗಳು ಒಂದು ತಿಂಗಳಿಗೂ ಹೆಚ್ಚು ಕಾಲ ಉಳಿದು ದಿನನಿತ್ಯದ ಬದುಕಿಗೆ ಅಡ್ಡಿಯಾದಾಗ ಕಾಯಿಲೆಯನ್ನು ಗುರುತಿಸಲಾಗುತ್ತದೆ.

ಮೊದಲ ಮಹಾಯುದ್ಧದ ಕಾಲದಲ್ಲಿ ಇದನ್ನು 'ಶೆಲ್ ಶಾಕ್' ಎಂದು ಕರೆಯಲಾಗುತ್ತಿತ್ತು. ಸಿಡಿಗುಂಡುಗಳ ಅಬ್ಬರದಿಂದ ನರಮಂಡಲಕ್ಕೆ ಪೆಟ್ಟು ಬಿದ್ದಿರಬೇಕೆಂಬ ಊಹೆ ಆ ಹೆಸರಿನ ಹಿಂದಿತ್ತು. ಬ್ರಿಟಿಷ್ ಮನೋವಿಜ್ಞಾನಿ ಚಾರ್ಲ್ಸ್ ಮೈಯರ್ಸ್ 1915ರಲ್ಲಿ ಈ ಪದವನ್ನು ವೈದ್ಯಕೀಯ ಸಾಹಿತ್ಯಕ್ಕೆ ತಂದರು. ಇಂದಿನ ಹೆಸರು ಅಮೆರಿಕದ ಮನೋವೈದ್ಯಕೀಯ ಸಂಘದ ಕೈಪಿಡಿಯನ್ನು ಸೇರಿದ್ದು 1980ರಲ್ಲಿ. ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರ ಸಂಘಟಿತ ಒತ್ತಾಯ ಇದಕ್ಕೆ ಮುಖ್ಯ ಕಾರಣವಾಗಿತ್ತು. ಆ ದಶಕದಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯೊಂದು ವಿಯೆಟ್ನಾಂನಲ್ಲಿ ಸೇವೆ ಸಲ್ಲಿಸಿದ ಪುರುಷರಲ್ಲಿ ಶೇ. 15ರಷ್ಟು ಮಂದಿ ಆಗಲೂ ಈ ಕಾಯಿಲೆಯಿಂದ ಬಳಲುತ್ತಿದ್ದುದನ್ನು ತೋರಿಸಿತು.

ಸೈನಿಕರಲ್ಲಿ ಭಯದ ಜೊತೆಗೆ ಮತ್ತೊಂದು ಅಂಶವೂ ಬೆರೆತಿರುತ್ತದೆ. ತಾನು ಮಾಡಿದ, ಮಾಡಲಾಗದೆ ಹೋದ ಅಥವಾ ಕಣ್ಣೆದುರು ತಡೆಯಲಾಗದ ಕೃತ್ಯಗಳ ಕುರಿತ ಪಾಪಪ್ರಜ್ಞೆಯೇ ಅದು. ಇದನ್ನು 'ನೈತಿಕ ಗಾಯ' ಎಂದು ಗುರುತಿಸಲಾಗಿದೆ. ಸಂಗಾತಿಗಳು ಸತ್ತು ತಾನೊಬ್ಬನೇ ಉಳಿದೆನೆಂಬ ಕೊರಗೂ ಇದರ ಜೊತೆಗಿರಬಹುದು.

### ಪ್ರಚಲಿತ ಚಿಕಿತ್ಸೆಗಳು

ಆಘಾತದ ನೆನಪನ್ನು ಸುರಕ್ಷಿತ ವಾತಾವರಣದಲ್ಲಿ ಹಂತಹಂತವಾಗಿ ಎದುರಿಸುವ ಚಿಕಿತ್ಸೆ, ಘಟನೆಯ ಕುರಿತ ತಪ್ಪು ನಂಬಿಕೆಗಳನ್ನು ಪರಿಶೀಲಿಸಿ ತಿದ್ದಿಕೊಳ್ಳುವ ಚಿಕಿತ್ಸೆ ಮತ್ತು ಕಣ್ಣಿನ ಚಲನೆಯನ್ನು ಬಳಸುವ ಇಎಂಡಿಆರ್ ಇವು ಹೆಚ್ಚಿನ ಪುರಾವೆಯುಳ್ಳ ವಿಧಾನಗಳಾಗಿವೆ. ಔಷಧಗಳ ಪೈಕಿ ಸರ್ಟ್ರಾಲಿನ್ ಮತ್ತು ಪ್ಯಾರಾಕ್ಸೆಟಿನ್ ಎಂಬ ಖಿನ್ನತೆ ನಿವಾರಕಗಳಿಗೆ ಮಾತ್ರ ಅಮೆರಿಕದಲ್ಲಿ ಪಿಟಿಎಸ್‌ಡಿಗಾಗಿ ಅನುಮೋದನೆ ದೊರೆತಿದೆ. ಇವುಗಳಿಂದ ಅನೇಕರು ಗುಣಮುಖರಾಗುತ್ತಾರೆ. ಆದರೆ ನೆನಪನ್ನು ಎದುರಿಸುವುದೇ ಸಹಿಸಲಾಗದ ಸಂಕಟವಾಗಿ ಅರ್ಧದಲ್ಲೇ ಚಿಕಿತ್ಸೆ ಬಿಡುವವರೂ, ಪೂರ್ಣಗೊಳಿಸಿದರೂ ಲಕ್ಷಣಗಳು ಉಳಿದುಕೊಳ್ಳುವವರೂ ಸಾಕಷ್ಟಿದ್ದಾರೆ. ಸೈಕೆಡೆಲಿಕ್ ನೆರವಿನ ಚಿಕಿತ್ಸೆಯತ್ತ ಮಾಜಿ ಸೈನಿಕರ ಗಮನ ಹರಿಯಲು ಈ ಕೊರತೆಯೇ ಕಾರಣವಾಗಿದೆ.

## ಬಳಸುವ ವಸ್ತುಗಳು

'ಸೈಕೆಡೆಲಿಕ್' ಎಂಬ ಪದವನ್ನು ಮನೋವೈದ್ಯ ಹಂಫ್ರಿ ಆಸ್ಮಂಡ್ 1956ರಲ್ಲಿ ರೂಪಿಸಿದರು. ಗ್ರೀಕ್ ಮೂಲದ ಈ ಪದಕ್ಕೆ 'ಮನಸ್ಸನ್ನು ತೆರೆದು ತೋರಿಸುವುದು' ಎಂಬ ಅರ್ಥವಿದೆ. ಮಾಜಿ ಸೈನಿಕರ ಮೇಲಿನ ಅಧ್ಯಯನಗಳಲ್ಲಿ ಹಾಗೂ ಅವುಗಳ ಹಿನ್ನೆಲೆಯಲ್ಲಿ ಕಾಣಿಸುವ ಪ್ರಮುಖ ವಸ್ತುಗಳು ಹೀಗಿವೆ.

* ಎಂಡಿಎಂಎ: ಜರ್ಮನಿಯ ಮೆರ್ಕ್ ಕಂಪನಿಯು 1912ರಲ್ಲಿ ಇದನ್ನು ಮೊದಲು ತಯಾರಿಸಿತು. ಮಿದುಳಿನಲ್ಲಿ ಸಿರೊಟೋನಿನ್ ಬಿಡುಗಡೆಯನ್ನು ಹೆಚ್ಚಿಸುವ ಇದು ಭಯವನ್ನು ತಗ್ಗಿಸಿ ನಂಬಿಕೆ ಮತ್ತು ಆತ್ಮೀಯತೆಯ ಭಾವವನ್ನು ಉಂಟುಮಾಡುತ್ತದೆ. ಭ್ರಮಾದೃಶ್ಯಗಳನ್ನು ಅಷ್ಟಾಗಿ ಉಂಟುಮಾಡದ ಕಾರಣ ಇದನ್ನು ಶುದ್ಧ ಸೈಕೆಡೆಲಿಕ್ ಗುಂಪಿಗೆ ಸೇರಿಸುವುದಿಲ್ಲ.
* ಸೈಲೋಸೈಬಿನ್: ಕೆಲವು ಜಾತಿಯ ಅಣಬೆಗಳಲ್ಲಿರುವ ವಸ್ತು. ಮೆಕ್ಸಿಕೋದ ಮೂಲನಿವಾಸಿಗಳು ಈ ಅಣಬೆಗಳನ್ನು ಧಾರ್ಮಿಕ ಆಚರಣೆಗಳಲ್ಲಿ ಬಳಸುತ್ತಾ ಬಂದಿದ್ದಾರೆ. ಸ್ವಿಟ್ಜರ್ಲೆಂಡಿನ ರಸಾಯನಶಾಸ್ತ್ರಜ್ಞ ಆಲ್ಬರ್ಟ್ ಹಾಫ್ಮನ್ 1958ರಲ್ಲಿ ಇದನ್ನು ಬೇರ್ಪಡಿಸಿದರು.
* ಎಲ್‌ಎಸ್‌ಡಿ: ಹಾಫ್ಮನ್ ಅವರೇ 1938ರಲ್ಲಿ ತಯಾರಿಸಿದ ಇದರ ಮಾನಸಿಕ ಪರಿಣಾಮ ಗೊತ್ತಾದದ್ದು 1943ರಲ್ಲಿ.
* ಇಬೋಗೇನ್: ಮಧ್ಯ ಆಫ್ರಿಕಾದ ಇಬೋಗಾ ಎಂಬ ಪೊದೆಯ ಬೇರಿನ ತೊಗಟೆಯಿಂದ ದೊರೆಯುತ್ತದೆ. ಗಬಾನ್ ದೇಶದ ಬ್ವೀಟಿ ಸಂಪ್ರದಾಯದಲ್ಲಿ ಇದರ ಬಳಕೆಯಿದೆ. ಕನ್ನಡ ನಾಡಿನ ಹಿತ್ತಿಲುಗಳಲ್ಲಿ ಕಾಣುವ ನಂದಿಬಟ್ಟಲು ಮತ್ತು ಇಬೋಗಾ ಒಂದೇ ಸಸ್ಯ ಕುಟುಂಬಕ್ಕೆ ಸೇರಿವೆ.
* ಕೆಟಮಿನ್: ಅರಿವಳಿಕೆ ಔಷಧ. ರಾಸಾಯನಿಕವಾಗಿ ಬೇರೆ ಗುಂಪಿಗೆ ಸೇರಿದ್ದರೂ ದೇಹದಿಂದ ಬೇರ್ಪಟ್ಟಂತಹ ಅನುಭವ ಉಂಟುಮಾಡುವುದರಿಂದ ಇದನ್ನೂ ಈ ಚರ್ಚೆಯಲ್ಲಿ ಸೇರಿಸಲಾಗುತ್ತದೆ.

ಉಮ್ಮತ್ತಿ ಅಥವಾ ದತ್ತೂರವನ್ನು ಕೆಲವೊಮ್ಮೆ ಈ ಗುಂಪಿನೊಂದಿಗೆ ಗೊಂದಲ ಮಾಡಿಕೊಳ್ಳಲಾಗುತ್ತದೆ. ಅದು ಸೈಕೆಡೆಲಿಕ್ ಅಲ್ಲ. ಬುದ್ಧಿಭ್ರಮಣೆ, ತೀವ್ರ ಹೃದಯಬಡಿತ ಮತ್ತು ಸಾವಿಗೆ ಕಾರಣವಾಗಬಲ್ಲ ವಿಷಸಸ್ಯವಾಗಿದ್ದು, ಆಘಾತ ಚಿಕಿತ್ಸೆಯಲ್ಲಿ ಅದಕ್ಕೆ ಯಾವುದೇ ಸ್ಥಾನವಿಲ್ಲ.

## ಚಿಕಿತ್ಸಾ ಕ್ರಮ

ಅಧ್ಯಯನಗಳಲ್ಲಿ ವಸ್ತುವನ್ನು ಮಾತ್ರೆಯಂತೆ ಮನೆಗೆ ಕೊಟ್ಟು ಕಳುಹಿಸುವುದಿಲ್ಲ. ಎಂಡಿಎಂಎ ಅಧ್ಯಯನಗಳ ಕ್ರಮವು ಮೂರು ಹಂತಗಳಲ್ಲಿ ಸಾಗುತ್ತದೆ.

ಮೊದಲನೆಯದು ಸಿದ್ಧತೆ. ರೋಗಿಯ ಹೃದಯದ ಸ್ಥಿತಿ, ಸೇವಿಸುತ್ತಿರುವ ಔಷಧಗಳು ಮತ್ತು ಕುಟುಂಬದಲ್ಲಿನ ಮಾನಸಿಕ ಕಾಯಿಲೆಯ ಇತಿಹಾಸವನ್ನು ಮೊದಲು ಪರಿಶೀಲಿಸಲಾಗುತ್ತದೆ. ಬಳಿಕ ತಲಾ ತೊಂಬತ್ತು ನಿಮಿಷಗಳ ಮೂರು ಭೇಟಿಗಳಲ್ಲಿ ಇಬ್ಬರು ಚಿಕಿತ್ಸಕರು ಅವರೊಂದಿಗೆ ಪರಿಚಯ ಬೆಳೆಸಿಕೊಂಡು, ಮುಂದೆ ಏನಾಗಬಹುದೆಂಬುದನ್ನು ವಿವರಿಸುತ್ತಾರೆ.

ಎರಡನೆಯದು ಔಷಧದ ದಿನ. ಶಾಂತವಾದ ಕೋಣೆಯಲ್ಲಿ ರೋಗಿಯು ಔಷಧ ಸೇವಿಸಿ ಸುಮಾರು ಎಂಟು ಗಂಟೆಗಳ ಕಾಲ ಚಿಕಿತ್ಸಕರೊಂದಿಗೆ ಇರುತ್ತಾರೆ. ಕಣ್ಣುಪಟ್ಟಿ ಕಟ್ಟಿಕೊಂಡು ಸಂಗೀತ ಕೇಳುತ್ತಾ ಮೌನವಾಗಿರಬಹುದು ಅಥವಾ ಮನಸ್ಸಿಗೆ ಬಂದುದನ್ನು ಹೇಳಿಕೊಳ್ಳಬಹುದು. ಚಿಕಿತ್ಸಕರು ಹೆಚ್ಚಾಗಿ ಆಲಿಸುತ್ತಾರೆ. ಇಂತಹ ದಿನಗಳು ಒಟ್ಟು ಮೂರು, ಅವುಗಳ ನಡುವೆ ಸುಮಾರು ಒಂದು ತಿಂಗಳ ಅಂತರವಿರುತ್ತದೆ.

ಮೂರನೆಯದು ಮನನ. ಪ್ರತಿ ಔಷಧದ ದಿನದ ನಂತರ ಮೂರು ಭೇಟಿಗಳಲ್ಲಿ, ಅಂದು ಮೇಲೆದ್ದು ಬಂದ ನೆನಪು ಮತ್ತು ಭಾವನೆಗಳನ್ನು ದಿನನಿತ್ಯದ ಬದುಕಿನೊಂದಿಗೆ ಹೊಂದಿಸಿಕೊಳ್ಳುವ ಕೆಲಸ ನಡೆಯುತ್ತದೆ. ಈ ಹಂತವಿಲ್ಲದೆ ಔಷಧದ ಅನುಭವವೊಂದೇ ಬಾಳಿಕೆ ಬರುವುದಿಲ್ಲವೆಂಬುದು ಚಿಕಿತ್ಸಕರ ಅಭಿಪ್ರಾಯವಾಗಿದೆ.

ಇದರ ಹಿಂದಿನ ಊಹೆ ಹೀಗಿದೆ. ಆಘಾತಗೊಂಡವರಲ್ಲಿ ನೆನಪು ಮತ್ತು ಭಯ ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡಿರುತ್ತವೆ. ಭಯವನ್ನು ನಿರ್ವಹಿಸುವ ಅಮಿಗ್ಡಲಾ ಎಂಬ ಮಿದುಳಿನ ಭಾಗದ ಚಟುವಟಿಕೆಯನ್ನು ಎಂಡಿಎಂಎ ತಾತ್ಕಾಲಿಕವಾಗಿ ತಗ್ಗಿಸುತ್ತದೆ. ಆ ಅವಧಿಯಲ್ಲಿ ನೆನಪನ್ನು ಭಯವಿಲ್ಲದೆ, ತನ್ನ ಬಗ್ಗೆ ದಯೆಯಿಂದ ನೋಡಲು ಸಾಧ್ಯವಾದರೆ, ಅದು ಮತ್ತೆ ದಾಖಲಾಗುವಾಗ ಹಳೆಯ ತೀವ್ರತೆ ಕಡಿಮೆಯಾಗಬಹುದು. ಔಷಧವು ಬಾಗಿಲು ತೆರೆಯುತ್ತದೆ, ಒಳಗಿನ ಕೆಲಸವನ್ನು ರೋಗಿ ಮತ್ತು ಚಿಕಿತ್ಸಕರೇ ಮಾಡಬೇಕು ಎಂಬುದು ಈ ವಿಧಾನದ ಮೂಲ ತಿಳುವಳಿಕೆ.

## ಇತಿಹಾಸ

1950 ಮತ್ತು 1960ರ ದಶಕಗಳಲ್ಲಿ ಎಲ್‌ಎಸ್‌ಡಿಯನ್ನು ಮದ್ಯವ್ಯಸನ, ಖಿನ್ನತೆ ಮತ್ತು ಆತಂಕಗಳ ಚಿಕಿತ್ಸೆಯಲ್ಲಿ ಯುರೋಪ್ ಮತ್ತು ಉತ್ತರ ಅಮೆರಿಕದ ಅನೇಕ ಆಸ್ಪತ್ರೆಗಳು ಬಳಸಿದವು. ಯುದ್ಧಾಘಾತಕ್ಕೆ ಸಂಬಂಧಿಸಿದಂತೆ ನೆದರ್ಲೆಂಡ್ಸಿನ ಮನೋವೈದ್ಯ ಯಾನ್ ಬಾಸ್ಟಿಯಾನ್ಸ್ ಅವರ ಕೆಲಸ ಗಮನಾರ್ಹವಾದುದು. ಎರಡನೇ ಮಹಾಯುದ್ಧದ ಸೆರೆಶಿಬಿರಗಳಲ್ಲಿ ಬದುಕುಳಿದು, ದಶಕಗಳು ಕಳೆದರೂ ಆ ಅನುಭವದ ಕುರಿತು ಮಾತನಾಡಲಾಗದೆ ಹೋದವರಿಗೆ ಅವರು ಎಲ್‌ಎಸ್‌ಡಿ ನೆರವಿನ ಚಿಕಿತ್ಸೆ ನೀಡಿದರು.

ಆಸ್ಪತ್ರೆಯ ಹೊರಗೆ ಈ ವಸ್ತುಗಳ ಬಳಕೆ ಹರಡಿದಂತೆ ಸರ್ಕಾರಗಳು ಕಠಿಣ ನಿಲುವು ತಳೆದವು. ವಿಶ್ವಸಂಸ್ಥೆಯ 1971ರ ಒಪ್ಪಂದವು ಎಲ್‌ಎಸ್‌ಡಿ ಮತ್ತು ಸೈಲೋಸೈಬಿನ್‌ಗಳನ್ನು ಅತ್ಯಂತ ಬಿಗಿಯಾದ ನಿಯಂತ್ರಣದ ಪಟ್ಟಿಗೆ ಸೇರಿಸಿತು. ಎಂಡಿಎಂಎಯನ್ನು ಅಮೆರಿಕ 1985ರಲ್ಲಿ ನಿಷೇಧಿಸಿತು. ಮರುವರ್ಷ ರಿಕ್ ಡಾಬ್ಲಿನ್ ಅವರು ಎಂಡಿಎಂಎಯನ್ನು ಔಷಧವಾಗಿ ಪರೀಕ್ಷಿಸುವ ಉದ್ದೇಶದಿಂದ ಮ್ಯಾಪ್ಸ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಮುಂದಿನ ಮೂರು ದಶಕಗಳ ಬಹುಪಾಲು ಎಂಡಿಎಂಎ ಚಿಕಿತ್ಸಾ ಸಂಶೋಧನೆಗೆ ಹಣ ಒದಗಿಸಿದ್ದು ಇದೇ ಸಂಸ್ಥೆ.

## ಮಾಜಿ ಸೈನಿಕರ ಮೇಲಿನ ಅಧ್ಯಯನಗಳು

### ಎಂಡಿಎಂಎ

ಮನೋವೈದ್ಯ ಮೈಕೆಲ್ ಮಿಥೋಫರ್ ಮತ್ತು ಸಂಗಡಿಗರು ದಕ್ಷಿಣ ಕೆರೊಲಿನಾದಲ್ಲಿ ನಡೆಸಿದ ಅಧ್ಯಯನವು 2018ರಲ್ಲಿ ಪ್ರಕಟವಾಯಿತು. ಇದರಲ್ಲಿ ಭಾಗವಹಿಸಿದ 26 ಜನರಲ್ಲಿ 22 ಮಂದಿ ಮಾಜಿ ಸೈನಿಕರು, ಉಳಿದವರು ಅಗ್ನಿಶಾಮಕ ಮತ್ತು ಪೊಲೀಸ್ ಸೇವೆಗೆ ಸೇರಿದವರು. ಪೂರ್ಣ ಪ್ರಮಾಣದ ಔಷಧ ಪಡೆದ ಬಹುಪಾಲು ಜನರಲ್ಲಿ ಎರಡು ಔಷಧದ ದಿನಗಳ ನಂತರ ಕಾಯಿಲೆಯ ಮಾನದಂಡಗಳು ಕಂಡುಬರಲಿಲ್ಲ. ಅಲ್ಪ ಪ್ರಮಾಣ ಪಡೆದ ಏಳು ಜನರಲ್ಲಿ ಇಂತಹ ಸುಧಾರಣೆ ಇಬ್ಬರಲ್ಲಿ ಮಾತ್ರ ಕಂಡಿತು.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆಯಾದ ಎಫ್‌ಡಿಎ 2017ರಲ್ಲಿ ಈ ವಿಧಾನಕ್ಕೆ 'ಮಹತ್ವದ ಮುನ್ನಡೆಯ ಚಿಕಿತ್ಸೆ' ಎಂಬ ಮಾನ್ಯತೆ ನೀಡಿ ಪರಿಶೀಲನೆಯನ್ನು ತ್ವರಿತಗೊಳಿಸಿತು. ನಂತರದ ಮೂರನೇ ಹಂತದ ಎರಡು ಅಧ್ಯಯನಗಳಲ್ಲಿ ಮಾಜಿ ಸೈನಿಕರ ಜೊತೆಗೆ ಇತರ ಆಘಾತಪೀಡಿತರೂ ಇದ್ದರು. 2021ರಲ್ಲಿ ಪ್ರಕಟವಾದ ಮೊದಲನೆಯದರಲ್ಲಿ ಎಂಡಿಎಂಎ ಪಡೆದವರ ಪೈಕಿ ಶೇ. 67, ಹುಸಿಮದ್ದು ಪಡೆದವರ ಪೈಕಿ ಶೇ. 32 ಮಂದಿ ಕಾಯಿಲೆಯ ಮಾನದಂಡದಿಂದ ಹೊರಬಂದರು. 2023ರ ಎರಡನೆಯದರಲ್ಲಿ ಈ ಪ್ರಮಾಣ ಕ್ರಮವಾಗಿ ಶೇ. 71 ಮತ್ತು ಶೇ. 48 ಆಗಿತ್ತು. ಎರಡೂ ಗುಂಪುಗಳು ಒಂದೇ ಬಗೆಯ ಮಾತಿನ ಚಿಕಿತ್ಸೆ ಪಡೆದಿದ್ದವು. ಹುಸಿಮದ್ದಿನ ಗುಂಪಿನಲ್ಲೂ ಸುಮಾರು ಅರ್ಧದಷ್ಟು ಮಂದಿ ಸುಧಾರಿಸಿದ್ದು, ಚಿಕಿತ್ಸಕರೊಂದಿಗೆ ಕಳೆದ ದೀರ್ಘ ಸಮಯಕ್ಕೂ ಬೆಲೆಯಿದೆ ಎಂಬುದನ್ನು ಸೂಚಿಸುತ್ತದೆ.

### ಇಬೋಗೇನ್

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನೋಲನ್ ವಿಲಿಯಮ್ಸ್ ಮತ್ತು ಸಂಗಡಿಗರು 2024ರ ಜನವರಿಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಿಶೇಷ ಕಾರ್ಯಪಡೆಗಳಲ್ಲಿ ಸೇವೆ ಸಲ್ಲಿಸಿ ಮಿದುಳಿಗೆ ಪೆಟ್ಟು ಬಿದ್ದಿದ್ದ 30 ಮಾಜಿ ಸೈನಿಕರು ಮೆಕ್ಸಿಕೋದ ಚಿಕಿತ್ಸಾಲಯವೊಂದರಲ್ಲಿ ಇಬೋಗೇನ್ ಪಡೆದರು. ಹೃದಯದ ರಕ್ಷಣೆಗಾಗಿ ಮೆಗ್ನೀಷಿಯಂ ಕೂಡ ನೀಡಲಾಗಿತ್ತು. ಒಂದು ತಿಂಗಳ ನಂತರ ಪಿಟಿಎಸ್‌ಡಿ ಲಕ್ಷಣಗಳು ಸರಾಸರಿ ಶೇ. 88ರಷ್ಟು ತಗ್ಗಿದ್ದವು. ಆದರೆ ಇದರಲ್ಲಿ ಹೋಲಿಕೆಗೆ ಹುಸಿಮದ್ದಿನ ಗುಂಪು ಇರಲಿಲ್ಲ.

### ಕೆಟಮಿನ್

ಮಾಜಿ ಹಾಗೂ ಹಾಲಿ ಸೈನಿಕರು ಸೇರಿ 158 ಜನರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನವು ಕೆಟಮಿನ್‌ನಿಂದ ಖಿನ್ನತೆ ತಗ್ಗಿದರೂ ಪಿಟಿಎಸ್‌ಡಿ ಲಕ್ಷಣಗಳಲ್ಲಿ ಹುಸಿಮದ್ದಿಗಿಂತ ಗಮನಾರ್ಹ ವ್ಯತ್ಯಾಸವಿಲ್ಲವೆಂದು ತೋರಿಸಿತು.

## ಟೀಕೆ ಮತ್ತು ಅಪಾಯಗಳು

2024ರ ಜೂನ್ 4ರಂದು ಎಫ್‌ಡಿಎಯ ಸಲಹಾ ಸಮಿತಿಯು ಎಂಡಿಎಂಎ ಚಿಕಿತ್ಸೆ ಪರಿಣಾಮಕಾರಿಯೆಂದು ಸಾಬೀತಾಗಿಲ್ಲವೆಂದು 9–2 ಮತಗಳಿಂದ, ಅದರ ಲಾಭವು ಅಪಾಯವನ್ನು ಮೀರಿಲ್ಲವೆಂದು 10–1 ಮತಗಳಿಂದ ತೀರ್ಮಾನಿಸಿತು. ಆಗಸ್ಟ್ 9ರಂದು ಎಫ್‌ಡಿಎ ಅನುಮೋದನೆ ನಿರಾಕರಿಸಿ ಮತ್ತೊಂದು ಮೂರನೇ ಹಂತದ ಅಧ್ಯಯನ ನಡೆಸುವಂತೆ ಸೂಚಿಸಿತು. ಮುಖ್ಯ ಆಕ್ಷೇಪಣೆಗಳು ಇವು.

* ಗುಟ್ಟು ಉಳಿಯದಿರುವುದು: ಯಾರಿಗೆ ನಿಜವಾದ ಔಷಧ, ಯಾರಿಗೆ ಹುಸಿಮದ್ದು ಎಂಬುದು ಉತ್ತಮ ಅಧ್ಯಯನದಲ್ಲಿ ಯಾರಿಗೂ ತಿಳಿದಿರಬಾರದು. ಸೈಕೆಡೆಲಿಕ್‌ಗಳ ಪರಿಣಾಮ ಎದ್ದು ಕಾಣುವುದರಿಂದ ಬಹುತೇಕ ಎಲ್ಲರಿಗೂ ತಮಗೆ ಸಿಕ್ಕಿದ್ದೇನೆಂದು ಗೊತ್ತಾಗಿಬಿಡುತ್ತದೆ. ನಿರೀಕ್ಷೆಯೇ ಫಲಿತಾಂಶವನ್ನು ಹಿಗ್ಗಿಸಿರಬಹುದು.
* ನೈತಿಕ ಲೋಪ: ಔಷಧದ ಅಮಲಿನಲ್ಲಿರುವ ರೋಗಿ ಅತ್ಯಂತ ದುರ್ಬಲ ಸ್ಥಿತಿಯಲ್ಲಿರುತ್ತಾರೆ. ಹಿಂದಿನ ಅಧ್ಯಯನವೊಂದರ ಕೆನಡಾ ಕೇಂದ್ರದಲ್ಲಿ ಚಿಕಿತ್ಸಕರ ಅನುಚಿತ ವರ್ತನೆ ಬೆಳಕಿಗೆ ಬಂದಿತ್ತು. ಇದೇ ಕಾರಣಕ್ಕೆ 2024ರಲ್ಲಿ ವಿಜ್ಞಾನ ಪತ್ರಿಕೆಯೊಂದು ಮೂರು ಪ್ರಬಂಧಗಳನ್ನು ಹಿಂತೆಗೆದುಕೊಂಡಿತು.
* ಬಾಳಿಕೆ ಮತ್ತು ಸುರಕ್ಷತೆಯ ಮಾಹಿತಿ: ಪರಿಣಾಮ ಎಷ್ಟು ಕಾಲ ಉಳಿಯುತ್ತದೆಂಬುದಕ್ಕೂ, ಹೃದಯ ಮತ್ತು ಯಕೃತ್ತಿನ ಮೇಲಿನ ಪರಿಣಾಮಕ್ಕೂ ಸಾಕಷ್ಟು ದಾಖಲೆ ಇರಲಿಲ್ಲ.

ದೈಹಿಕವಾಗಿ ಎಂಡಿಎಂಎ ರಕ್ತದೊತ್ತಡ, ಹೃದಯಬಡಿತ ಮತ್ತು ದೇಹದ ಉಷ್ಣಾಂಶವನ್ನು ಏರಿಸುತ್ತದೆ. ಇಬೋಗೇನ್ ಹೃದಯದ ಲಯವನ್ನು ಕೆಡಿಸಿ ಸಾವಿಗೂ ಕಾರಣವಾಗಿದೆ. ಸ್ಕಿಜೋಫ್ರೇನಿಯಾ ಅಥವಾ ಬೈಪೋಲಾರ್ ಕಾಯಿಲೆಯ ಇತಿಹಾಸವಿರುವವರಲ್ಲಿ ಸೈಕೆಡೆಲಿಕ್‌ಗಳು ಚಿತ್ತವಿಕಾರವನ್ನು ಕೆರಳಿಸಬಲ್ಲವು. ಲಿಥಿಯಂ ಸೇವಿಸುವವರಲ್ಲಿ ಅಪಸ್ಮಾರದ ಸೆಳೆತಗಳು ವರದಿಯಾಗಿವೆ. ಹೊರಗೆ 'ಎಕ್ಸ್‌ಟಸಿ' ಹೆಸರಿನಲ್ಲಿ ಮಾರಾಟವಾಗುವ ಮಾತ್ರೆಗಳಲ್ಲಿ ಬೇರೆ ವಸ್ತುಗಳ ಕಲಬೆರಕೆ ಸಾಮಾನ್ಯವಾಗಿದ್ದು, ಅವುಗಳನ್ನು ಅಧ್ಯಯನಗಳಲ್ಲಿ ಬಳಸುವ ಶುದ್ಧ ಔಷಧದೊಂದಿಗೆ ಹೋಲಿಸಲಾಗದು.

## ವಿವಿಧ ದೇಶಗಳಲ್ಲಿ

ಆಸ್ಟ್ರೇಲಿಯಾವು 2023ರ ಜುಲೈ 1ರಿಂದ ಪಿಟಿಎಸ್‌ಡಿಗೆ ಎಂಡಿಎಂಎ ಮತ್ತು ಬೇರೆ ಚಿಕಿತ್ಸೆಗೆ ಜಗ್ಗದ ಖಿನ್ನತೆಗೆ ಸೈಲೋಸೈಬಿನ್ ನೀಡಲು ಅಧಿಕೃತ ಮನೋವೈದ್ಯರಿಗೆ ಅವಕಾಶ ಕಲ್ಪಿಸಿತು. ಇಸ್ರೇಲ್ 2019ರಲ್ಲಿ ಪಿಟಿಎಸ್‌ಡಿಯಿಂದ ಬಳಲುವ 50 ಜನರಿಗೆ ಅನುಕಂಪದ ಆಧಾರದ ಮೇಲೆ ಎಂಡಿಎಂಎ ಚಿಕಿತ್ಸೆಯನ್ನು ಒಪ್ಪಿತು. ಅಮೆರಿಕದ ಮಾಜಿ ಸೈನಿಕರ ವ್ಯವಹಾರಗಳ ಇಲಾಖೆಯು 2024ರ ಡಿಸೆಂಬರ್‌ನಲ್ಲಿ, ಪಿಟಿಎಸ್‌ಡಿಯ ಜೊತೆಗೆ ಮದ್ಯವ್ಯಸನವೂ ಇರುವ ಮಾಜಿ ಸೈನಿಕರಲ್ಲಿ ಎಂಡಿಎಂಎ ಚಿಕಿತ್ಸೆಯ ಅಧ್ಯಯನಕ್ಕೆ ಹಣ ನೀಡುವುದಾಗಿ ಪ್ರಕಟಿಸಿತು. 1960ರ ದಶಕದ ನಂತರ ಆ ಇಲಾಖೆ ಇಂತಹ ಸಂಶೋಧನೆಗೆ ಹಣ ಒದಗಿಸಿದ್ದು ಇದೇ ಮೊದಲು. ಟೆಕ್ಸಾಸ್ ರಾಜ್ಯವು 2025ರ ಜೂನ್‌ನಲ್ಲಿ ಇಬೋಗೇನ್ ಸಂಶೋಧನೆಗೆ 5 ಕೋಟಿ ಡಾಲರ್ ಮೀಸಲಿಟ್ಟಿತು.

## ಭಾರತದಲ್ಲಿ

ಭಾರತದ ಮಾದಕ ದ್ರವ್ಯಗಳು ಮತ್ತು ಮನೋಪ್ರಭಾವಿ ವಸ್ತುಗಳ ಕಾಯಿದೆ, ಅಂದರೆ ಎನ್‌ಡಿಪಿಎಸ್ ಕಾಯಿದೆ, 1985ರ ನವೆಂಬರ್ 14ರಂದು ಜಾರಿಗೆ ಬಂದಿತು. ಎಲ್‌ಎಸ್‌ಡಿ, ಸೈಲೋಸೈಬಿನ್ ಮತ್ತು ಎಂಡಿಎಂಎಗಳು ಇದರ ಪಟ್ಟಿಯಲ್ಲಿವೆ. 0.1 ಗ್ರಾಂ ಎಲ್‌ಎಸ್‌ಡಿ ಅಥವಾ 10 ಗ್ರಾಂ ಎಂಡಿಎಂಎಯನ್ನು ವಾಣಿಜ್ಯ ಪ್ರಮಾಣದ ಮಿತಿಯಾಗಿ ಗೊತ್ತುಪಡಿಸಲಾಗಿದೆ. ವಾಣಿಜ್ಯ ಪ್ರಮಾಣದ ಅಪರಾಧಕ್ಕೆ 10ರಿಂದ 20 ವರ್ಷಗಳ ಕಠಿಣ ಸೆರೆವಾಸ ಮತ್ತು ಕನಿಷ್ಠ ಒಂದು ಲಕ್ಷ ರೂಪಾಯಿ ದಂಡವಿದೆ. ವೈದ್ಯಕೀಯ ಮತ್ತು ವೈಜ್ಞಾನಿಕ ಉದ್ದೇಶಕ್ಕೆ ಕಾಯಿದೆಯಲ್ಲಿ ವಿನಾಯಿತಿಯಿದ್ದರೂ ಅದಕ್ಕೆ ಸರ್ಕಾರದ ಅನುಮತಿ ಅಗತ್ಯ. ವ್ಯಸನಿಯು ಸ್ವಇಚ್ಛೆಯಿಂದ ಚಿಕಿತ್ಸೆಗೆ ಮುಂದಾದರೆ ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಮೊಕದ್ದಮೆಯಿಂದ ರಕ್ಷಣೆ ನೀಡುವ ಅವಕಾಶವನ್ನು ಕಾಯಿದೆಯ 64ಎ ಕಲಮು ಒದಗಿಸುತ್ತದೆ.

ಕೆಟಮಿನ್ ಅನ್ನು 2011ರಲ್ಲಿ ಈ ಕಾಯಿದೆಯ ವ್ಯಾಪ್ತಿಗೆ ತರಲಾಯಿತು. ಆದರೂ ಅರಿವಳಿಕೆಯಾಗಿ ಅದರ ವೈದ್ಯಕೀಯ ಬಳಕೆ ಮುಂದುವರಿದಿದೆ. ತೀವ್ರ ಖಿನ್ನತೆಗೆ ಇದನ್ನು ಭಾರತದ ಕೆಲವು ಮನೋವೈದ್ಯಕೀಯ ಕೇಂದ್ರಗಳು ವೈದ್ಯರ ನಿಗಾದಲ್ಲಿ ಬಳಸುತ್ತವೆ.

ಸೈಲೋಸೈಬ್ ಕುಲದ ಅಣಬೆಗಳು ಕೇರಳವೂ ಸೇರಿದಂತೆ ದಕ್ಷಿಣ ಭಾರತದಲ್ಲಿ ದಾಖಲಾಗಿವೆ. ದಾಂಡೇಲಿ ಮತ್ತು ಜೋಯಿಡಾದಂತಹ ಮಲೆನಾಡಿನ ಪ್ರದೇಶಗಳಲ್ಲಿ ಮಳೆಗಾಲದ ಖಾದ್ಯ ಅಣಬೆಗಳನ್ನು ಅನುಭವಸ್ಥರು ಗುರುತಿಸಿ ತರುವುದು ವಾಡಿಕೆಯಲ್ಲಿದೆ. ಕಾಡಿನ ಅಣಬೆಗಳಲ್ಲಿ ಯಕೃತ್ತನ್ನು ಹಾಳುಗೆಡವುವ ವಿಷಜಾತಿಗಳೂ ಇರುವುದರಿಂದ, ಚಿಕಿತ್ಸೆಯ ಹೆಸರಿನಲ್ಲಿ ಅಪರಿಚಿತ ಅಣಬೆ ಸೇವಿಸುವುದು ಕಾನೂನಿನ ದೃಷ್ಟಿಯಿಂದಷ್ಟೇ ಅಲ್ಲ, ಜೀವಕ್ಕೂ ಅಪಾಯಕರ.

## ಉತ್ತರ ಕನ್ನಡ ಜಿಲ್ಲೆಯೊಂದಿಗಿನ ನಂಟು

### ಮುಂಡಗೋಡದ ಟಿಬೆಟನ್ ನೆಲೆ ಮತ್ತು ಯೋಧರು

ಟಿಬೆಟಿನಿಂದ ಬಂದ ನಿರಾಶ್ರಿತರಿಗಾಗಿ 1966ರಲ್ಲಿ ಮುಂಡಗೋಡ ತಾಲ್ಲೂಕಿನಲ್ಲಿ ಡೋಗುಲಿಂಗ್ ವಸಾಹತು ಆರಂಭವಾಯಿತು. ಮುಂದೆ ಗಾಂದೆನ್ ಮತ್ತು ಡ್ರೆಪುಂಗ್ ಮಹಾವಿಹಾರಗಳು ಇಲ್ಲಿ ಮರುಸ್ಥಾಪನೆಗೊಂಡವು. ಊರು, ಕುಟುಂಬ ಮತ್ತು ದೇಶವನ್ನು ಕಳೆದುಕೊಂಡು ಬಂದ ಮೊದಲ ತಲೆಮಾರಿನವರಿಗೆ ಆಘಾತವು ಬದುಕಿನ ಭಾಗವೇ ಆಗಿತ್ತು.

ಭಾರತದ ಟಿಬೆಟನ್ ವಸಾಹತುಗಳ ಯುವಕರು ಸೇರುತ್ತಿದ್ದ ಸೇನಾ ಘಟಕ ವಿಶೇಷ ಗಡಿ ಪಡೆ. 'ಎಸ್ಟಾಬ್ಲಿಷ್‌ಮೆಂಟ್ 22' ಎಂದೂ ಕರೆಯಲಾಗುವ ಈ ಪಡೆಯನ್ನು ಚೀನಾ ಯುದ್ಧದ ನಡುವೆ 1962ರ ನವೆಂಬರ್ 14ರಂದು ಸ್ಥಾಪಿಸಲಾಯಿತು. ಇದರ ಮೊದಲ ಮುಖ್ಯಸ್ಥರು ಸುಜನ್ ಸಿಂಗ್ ಉಬಾನ್. ಬಾಂಗ್ಲಾದೇಶ ವಿಮೋಚನೆಯ 1971ರ ಯುದ್ಧದಲ್ಲಿ ಇದು ಚಿತ್ತಗಾಂಗ್ ಗುಡ್ಡಗಾಡಿನಲ್ಲಿ ಹೋರಾಡಿತು. ಆ ಕಾರ್ಯಾಚರಣೆಯಲ್ಲಿ ಸುಮಾರು 56 ಯೋಧರು ಮಡಿದು, 190ರಷ್ಟು ಮಂದಿ ಗಾಯಗೊಂಡರು. ಪಡೆಯ ಅಸ್ತಿತ್ವವೇ ಗೋಪ್ಯವಾಗಿದ್ದುದರಿಂದ ಅವರ ಸೇವೆಗೆ ಬಹುಕಾಲ ಬಹಿರಂಗ ಮನ್ನಣೆ ದೊರೆಯಲಿಲ್ಲ. ಆಘಾತದಿಂದ ಚೇತರಿಸಿಕೊಳ್ಳಲು ಅನುಭವವನ್ನು ಮತ್ತೊಬ್ಬರ ಮುಂದೆ ಹೇಳಿಕೊಳ್ಳುವುದು ಮುಖ್ಯವೆಂದು ಮನೋವೈದ್ಯಶಾಸ್ತ್ರ ಭಾವಿಸುತ್ತದೆ. ಹೇಳಿಕೊಳ್ಳಲಾಗದ ಯುದ್ಧದಲ್ಲಿ ಹೋರಾಡಿದವರಿಗೆ ಆ ದಾರಿ ಕಿರಿದಾಗಿರುತ್ತದೆ.

### ಟಿಬೆಟನ್ ವೈದ್ಯ ಪದ್ಧತಿಯ ನೋಟ

ಟಿಬೆಟನ್ ವೈದ್ಯ ಪದ್ಧತಿಯಾದ ಸೋವಾ ರಿಗ್ಪಾಗೆ ಭಾರತ ಸರ್ಕಾರ 2010ರಲ್ಲಿ ಕಾನೂನಿನ ಮಾನ್ಯತೆ ನೀಡಿತು. ಭಯ, ನಿದ್ರಾಹೀನತೆ, ಎದೆ ಬಿಗಿತ, ಕೊರಗುಗಳನ್ನು ಈ ಪದ್ಧತಿಯು 'ಲುಂಗ್' ಅಂದರೆ ವಾಯುವಿನ ಏರುಪೇರಾಗಿ ನೋಡುತ್ತದೆ. ಆಯುರ್ವೇದದ ವಾತದ ಕಲ್ಪನೆಗೆ ಇದು ಹತ್ತಿರವಾದುದು. ಗಿಡಮೂಲಿಕೆಯ ಔಷಧ, ಪುಷ್ಟಿಕರ ಆಹಾರ, ಬೆಚ್ಚಗಿನ ಜಾಗ ಮತ್ತು ಆಪ್ತರ ಒಡನಾಟ ಇದರ ಉಪಚಾರಗಳು. ಸೈಕೆಡೆಲಿಕ್ ಸ್ವರೂಪದ ವಸ್ತುಗಳಿಗೆ ಇದರಲ್ಲಿ ಸ್ಥಾನವಿಲ್ಲ. ಬೌದ್ಧ ಪಂಚಶೀಲದ ಐದನೆಯ ನಿಯಮವೂ ಅಮಲಿನ ಪದಾರ್ಥಗಳಿಂದ ದೂರವಿರುವುದನ್ನು ವಿಧಿಸುತ್ತದೆ.

ಧರ್ಮಶಾಲೆಗೆ ಹೊಸದಾಗಿ ಬಂದ 769 ಟಿಬೆಟನ್ ನಿರಾಶ್ರಿತರ ಕುರಿತು 2008ರಲ್ಲಿ ಪ್ರಕಟವಾದ ಅಧ್ಯಯನವೊಂದು, ಅವರು ಅನುಭವಿಸಿದ ಹಿಂಸೆಗೆ ಹೋಲಿಸಿದರೆ ಮಾನಸಿಕ ಕ್ಲೇಶದ ಪ್ರಮಾಣ ಕಡಿಮೆಯಿರುವುದನ್ನು ಗಮನಿಸಿತು. ಧಾರ್ಮಿಕ ಆಚರಣೆಗಳು ಅವರ ಮುಖ್ಯ ಆಸರೆಯಾಗಿದ್ದವು.

### ಕರುಣಾ ಧ್ಯಾನ

ಮುಂಡಗೋಡದ ಡ್ರೆಪುಂಗ್ ಲೋಸೆಲಿಂಗ್ ವಿಹಾರದಲ್ಲಿ 1994ರಲ್ಲಿ ಗೆಶೆ ಲಾರಂಪಾ ಎಂಬ ಅತ್ಯುನ್ನತ ಪದವಿ ಪಡೆದ ಲೋಬ್ಸಾಂಗ್ ತೆನ್ಜಿನ್ ನೇಗಿ, ನಂತರ ಅಮೆರಿಕದ ಅಟ್ಲಾಂಟಾದಲ್ಲಿರುವ ಎಮೊರಿ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು ಅಲ್ಲಿಯೇ ಪ್ರಾಧ್ಯಾಪಕರಾದರು. ಟಿಬೆಟನ್ ಪರಂಪರೆಯ 'ಲೋಜೊಂಗ್' ಎಂಬ ಮನೋಶಿಕ್ಷಣವನ್ನು ಆಧರಿಸಿ, ಯಾವ ಮತದವರೂ ಕಲಿಯಬಹುದಾದ ಕರುಣಾ ಧ್ಯಾನದ ಕ್ರಮವನ್ನು ಅವರು 2004ರಲ್ಲಿ ರೂಪಿಸಿದರು. ಗಮನವನ್ನು ನೆಲೆಗೊಳಿಸುವುದು, ತನ್ನ ಮೇಲಿನ ಕರುಣೆ, ಇತರರೂ ತನ್ನಂತೆಯೇ ಸುಖ ಬಯಸುವವರೆಂಬ ಅರಿವು, ಕೊನೆಗೆ ಎಲ್ಲರ ಮೇಲಿನ ಕರುಣೆ ಹೀಗೆ ಇದು ಹಂತಹಂತವಾಗಿ ಸಾಗುತ್ತದೆ.

ಈ ಕ್ರಮವನ್ನು ಸ್ಯಾನ್ ಡಿಯಾಗೋದಲ್ಲಿ ಪಿಟಿಎಸ್‌ಡಿಯಿಂದ ಬಳಲುತ್ತಿದ್ದ 28 ಮಾಜಿ ಸೈನಿಕರಲ್ಲಿ ಪರೀಕ್ಷಿಸಿ, 2019ರಲ್ಲಿ ಫಲಿತಾಂಶ ಪ್ರಕಟಿಸಲಾಯಿತು. ವಿಶ್ರಾಂತಿ ಅಭ್ಯಾಸ ಕಲಿತ ಗುಂಪಿಗಿಂತ ಕರುಣಾ ಧ್ಯಾನ ಕಲಿತ ಗುಂಪಿನಲ್ಲಿ ಕಾಯಿಲೆಯ ಲಕ್ಷಣಗಳು ಹೆಚ್ಚು ತಗ್ಗಿದವು. ಭಾಗವಹಿಸಿದವರ ಸಂಖ್ಯೆ ಚಿಕ್ಕದಾದ್ದರಿಂದ ಇದನ್ನು ಆರಂಭಿಕ ಪುರಾವೆಯೆಂದಷ್ಟೇ ಪರಿಗಣಿಸಬೇಕಾಗುತ್ತದೆ. ನೈತಿಕ ಗಾಯದಿಂದ ನರಳುವವರಿಗೆ ತನ್ನನ್ನು ತಾನು ದಯೆಯಿಂದ ಕಾಣುವುದೇ ಕಠಿಣ. ಎಂಡಿಎಂಎ ಚಿಕಿತ್ಸೆಯು ಔಷಧದ ಮೂಲಕ ಕೆಲವು ಗಂಟೆಗಳ ಕಾಲ ತರಲು ಯತ್ನಿಸುವ ಇದೇ ಮನೋಭಾವವನ್ನು ಧ್ಯಾನವು ನಿಧಾನವಾದ ಅಭ್ಯಾಸದಿಂದ ಬೆಳೆಸಲು ಯತ್ನಿಸುತ್ತದೆ.

ಎಮೊರಿ ವಿಶ್ವವಿದ್ಯಾಲಯ ಮತ್ತು ಟಿಬೆಟನ್ ವಿಹಾರಗಳ ಸಹಯೋಗದಿಂದ ಭಿಕ್ಷುಗಳಿಗೆ ಆಧುನಿಕ ವಿಜ್ಞಾನ ಕಲಿಸುವ ಕಾರ್ಯಕ್ರಮವೂ ನಡೆದಿದೆ. ಡ್ರೆಪುಂಗ್ ಲೋಸೆಲಿಂಗ್‌ನ ಧ್ಯಾನ ಮತ್ತು ವಿಜ್ಞಾನ ಕೇಂದ್ರವನ್ನು ದಲೈ ಲಾಮಾ ಅವರು 2017ರ ಡಿಸೆಂಬರ್‌ನಲ್ಲಿ ಮುಂಡಗೋಡದಲ್ಲಿ ಉದ್ಘಾಟಿಸಿದರು.

### ಗೋಕರ್ಣ ಮತ್ತು ಇಸ್ರೇಲಿ ಪ್ರವಾಸಿಗಳು

ಕಡ್ಡಾಯ ಸೇನಾ ಸೇವೆ ಮುಗಿಸಿದ ಇಸ್ರೇಲಿ ಯುವಜನರು ತಿಂಗಳುಗಟ್ಟಲೆ ಭಾರತ ಸುತ್ತುವುದು ರೂಢಿಯಾಗಿದೆ. ಹಿಮಾಚಲ ಪ್ರದೇಶ, ಗೋವಾ ಮತ್ತು ಉತ್ತರ ಕನ್ನಡದ ಗೋಕರ್ಣ ಅವರ ತಂಗುದಾಣಗಳು. ಅವರಲ್ಲಿ ಕೆಲವರು ಸೇವೆಯ ಒತ್ತಡವನ್ನು ಮರೆಯಲು ಮಾದಕ ಹಾಗೂ ಸೈಕೆಡೆಲಿಕ್ ವಸ್ತುಗಳ ಮೊರೆಹೋಗಿ ಚಿತ್ತವಿಕಾರಕ್ಕೆ ಒಳಗಾದದ್ದುಂಟು. ಭಾರತದಲ್ಲಿನ ಇಂತಹ ಮಾಜಿ ಸೈನಿಕರ ಸ್ಥಿತಿಯನ್ನು ಯೋವ್ ಶಮೀರ್ ಅವರ 2007ರ ಸಾಕ್ಷ್ಯಚಿತ್ರ 'ಫ್ಲಿಪ್ಪಿಂಗ್ ಔಟ್' ದಾಖಲಿಸಿದೆ. ಹೀಗೆ ಮರಳಿದವರ ಪುನಶ್ಚೇತನಕ್ಕಾಗಿ ಇಸ್ರೇಲಿನಲ್ಲಿ 'ಕ್ಫಾರ್ ಇಜುನ್' ಎಂಬ ಕೇಂದ್ರವಿದೆ. ಅಧ್ಯಯನಗಳಲ್ಲಿ ಉಪಕಾರಿಯಾಗಿ ಕಂಡ ಗುಂಪಿನ ವಸ್ತುಗಳೇ ಆರೋಗ್ಯ ತಪಾಸಣೆ, ಸಿದ್ಧತೆ ಮತ್ತು ಮನನಗಳಿಲ್ಲದೆ ಸೇವಿಸಿದಾಗ ಹಾನಿ ಮಾಡಬಹುದೆಂಬುದನ್ನು ಈ ಅನುಭವ ತೋರಿಸುತ್ತದೆ.

### ಲಭ್ಯವಿರುವ ಚಿಕಿತ್ಸೆ

ದಾಂಡೇಲಿ, ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡ ತಾಲ್ಲೂಕುಗಳ ಮಾಜಿ ಸೈನಿಕರಿಗೆ ಕಾನೂನುಬದ್ಧವಾಗಿ ದೊರೆಯುವ ನೆರವು ಪ್ರಚಲಿತ ಮನೋವೈದ್ಯಕೀಯ ಚಿಕಿತ್ಸೆಯೇ ಆಗಿದೆ. ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ಅಂದರೆ ಡಿಮ್ಹಾನ್ಸ್ ಈ ಭಾಗಕ್ಕೆ ಹತ್ತಿರದ ದೊಡ್ಡ ಕೇಂದ್ರ. ಬೆಂಗಳೂರಿನ ನಿಮ್ಹಾನ್ಸ್ ರಾಷ್ಟ್ರೀಯ ಮಹತ್ವದ ಸಂಸ್ಥೆಯಾಗಿದೆ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋವೈದ್ಯಕೀಯ ಸೇವೆಯನ್ನು ರೂಪಿಸಲಾಗಿದೆ. ಪಿಂಚಣಿ ಪಡೆಯುವ ಮಾಜಿ ಸೈನಿಕರು ಮತ್ತು ಅವರ ಅವಲಂಬಿತರಿಗಾಗಿ 2003ರಲ್ಲಿ ಆರಂಭವಾದ ಇಸಿಎಚ್‌ಎಸ್ ಆರೋಗ್ಯ ಯೋಜನೆಯಿದೆ.

2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಯನ್ನು 14416 ಸಂಖ್ಯೆಯಲ್ಲಿ ಉಚಿತವಾಗಿ, ಕನ್ನಡದಲ್ಲಿಯೂ ಸಂಪರ್ಕಿಸಬಹುದು. ಸಶಸ್ತ್ರ ಪಡೆಗಳವರಿಗಾಗಿ ಇದರ ವಿಶೇಷ ಘಟಕವೊಂದನ್ನು 2023ರ ಡಿಸೆಂಬರ್‌ನಲ್ಲಿ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ತೆರೆಯಲಾಯಿತು. 2018ರ ಮೇ 29ರಂದು ಜಾರಿಗೆ ಬಂದ ಮಾನಸಿಕ ಆರೋಗ್ಯ ಸೇವಾ ಕಾಯಿದೆ 2017, ಸರ್ಕಾರ ನಡೆಸುವ ಅಥವಾ ಸರ್ಕಾರದ ಅನುದಾನ ಪಡೆಯುವ ಕೇಂದ್ರಗಳಲ್ಲಿ ಮಾನಸಿಕ ಆರೋಗ್ಯ ಸೇವೆ ಪಡೆಯುವುದನ್ನು ಪ್ರತಿಯೊಬ್ಬರ ಹಕ್ಕೆಂದು ಘೋಷಿಸಿದೆ.